ಮುದ್ದಮ್ಮನ ಬಿರುಕು ಪ್ಲೇಟು

ನನಗೆ ಹಾಡು ಕಲಿಸಿದ್ದು ಗ್ರಾಮಫೋನು. ಆ ಕಾಲದಲ್ಲಿ ಜಿನನಾಥಪುರದ ಹೆಣ್ಣುಮಗಳಿಗೆ ಪಾಠ ಹೇಳಲು ಯಾವ ಭಾಗವತರು ಬರುತ್ತಿದ್ದರು? ಅಪ್ಪ ಹಾಸನದಿಂದ ಯಾರದೋ ಹಳೇ ಪೆಟ್ಟಿಗೆ ಕೊಂಡು ತಂದಾಗ ಜೊತೆಗೆ ಸಿಕ್ಕಿದ್ದು ಒಂದೇ ಪ್ಲೇಟು, ಅದೂ ಬಿರುಕು ಬಿಟ್ಟದ್ದು. ಹಾಡಿದವಳು ನಾಟಕದ ಮುದ್ದಮ್ಮ. ಕಟ್ಟಕಡೆಯ ಸಾಲಿನವನಿಗೂ ಕೇಳಲೆಂದು ಎತ್ತಿದ ಗಂಟಲು, ಅರ್ಧ ಮೂಗಿನಲ್ಲಿ. ಹಿಂದೆ ಸಾಸಿವೆ ಸಿಡಿದಂತೆ ಚಿಟಚಿಟ. ಎರಡು ವರ್ಷ ಕೇಳಿ ಎಲ್ಲವನ್ನೂ ಚಾಚೂ ತಪ್ಪದೆ ಕಲಿತೆ. ತೊಂದರೆಯಾದದ್ದು ಅಲ್ಲೇ.

ಮೊದಲು ನೋಡಲು ಬಂದ ಇಬ್ಬರು ವರರು ನನ್ನ ಹಾಡು ಕೇಳಿ, 'ಕಾಗದ ಬರೀತೀವಿ' ಎಂದು ಹೋದವರು ಹೋದೇ ಹೋದರು. ಮೂರನೆಯವರು ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯ ನಾಗಕುಮಾರ. ಬಂಡಿ ಇಳಿದವರು ಎತ್ತಿನ ಕೊರಳು ತುರಿಸಿ, ಅದಕ್ಕೇನೋ ಹೇಳಿ, ತಾವೇ ನಕ್ಕರು. ಕಿಟಕಿಯಲ್ಲಿ ನೋಡುತ್ತಿದ್ದ ನನಗೆ ಇವರೇ ಬೇಕು ಅನ್ನಿಸಿಬಿಟ್ಟಿತು. ಬೇಕೆಂದರೆ ಬೇಕು, ಅದರಲ್ಲೇನು ನಾಚಿಕೆ?

ಬರುವಾಗಲೇ ತಡವಾಗಿತ್ತು. ಅವರ ತಾಯಿ ಪದ್ಮಾವತಮ್ಮ ಅಂಗಳದ ಬಿಸಿಲನ್ನೇ ನೋಡುತ್ತಿದ್ದರು.

"ಹೊತ್ತು ಮುಳುಗುದ್ಮೇಲೆ ನಾವು ಬಾಯಿಗೆ ಏನೂ ಹಾಕಲ್ಲ ಕಣಮ್ಮ. ಒಂದು ಹಾಡು ಹೇಳ್ಬುಡು, ಊಟಕ್ಕೆ ಏಳಾನ."

ಹಾಡಿದೆ. ಎರಡನೇ ಚರಣದಲ್ಲಿ 'ಇನ್ನೆಷ್ಟು ಹೊತ್ತೋ' ಎಂಬಲ್ಲಿ ಬಿರುಕು. ಪ್ಲೇಟು ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಅಜ್ಜಿ ಬೆರಳಿನಿಂದ ತಟ್ಟಿದರೆ ಮುಂದಕ್ಕೆ. ನಾನು ಹಾಡುವಾಗಲೂ ಅಜ್ಜಿ ನೆಲ ತಟ್ಟುತ್ತಿದ್ದಳು, ಆಮೇಲೆಯೇ ನನಗೆ ಮುಂದಿನ ಸಾಲು. ಇವತ್ತು ಅಜ್ಜಿ ಒಲೆಯ ಮುಂದಿದ್ದಳು.

"ಇನ್ನೆಷ್ಟು ಹೊತ್ತೋ... ಇನ್ನೆಷ್ಟು ಹೊತ್ತೋ..."

ಮುಂದಿನ ಸಾಲು ಬರಲೊಲ್ಲದು. ಏಳು ಸಲವಾಯಿತು, ಎಂಟಾಯಿತು. ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿತು. ಪದ್ಮಾವತಮ್ಮನ ಮುಖ ನೋಡಲಾಗಲಿಲ್ಲ. ಮೂರನೆಯ ಕಾಗದವೂ ಬರುವುದಿಲ್ಲವೆಂದು ಅಳು ಬಂತು, ಅಳುತ್ತಲೇ ಒಂಬತ್ತನೆಯ ಸಲ ಹಾಡಿದೆ.

ನಾಗಕುಮಾರ ಮುಂದಕ್ಕೆ ಬಾಗಿ, ನನ್ನ ಮಣೆಯ ತುದಿಗೆ ಒಂದೇ ಬೆರಳಿನಿಂದ ಟಕ್ ಎಂದು ತಟ್ಟಿದರು.

ಮುಂದಿನ ಸಾಲು ಹಾರಿ ಬಂತು. ಕೀ ಇಳಿದ ಪೆಟ್ಟಿಗೆಯಂತೆ ಕೊನೆಯಲ್ಲಿ ನನ್ನ ದನಿ ಗಂಡಸಿನ ಹಾಗೆ ಜಗ್ಗತೊಡಗಿತು, ಅದನ್ನೂ ಕಲಿತಿದ್ದೆನಲ್ಲ. ಅವರು ಗಾಳಿಯಲ್ಲೇ ಕೈ ತಿರುಗಿಸಿ ಕೀ ಕೊಟ್ಟರು. ದನಿ ಕುಣಿದುಕೊಂಡು ಮೇಲೆದ್ದಿತು. ಸಂತೋಷದಲ್ಲಿ ನನಗೆ ಮೈಮೇಲೆ ಎಚ್ಚರವೇ ಇಲ್ಲ. ಹಾಡು ಮುಗಿಸಿ, ಪ್ಲೇಟಿನಲ್ಲಿದ್ದಂತೆಯೇ ಗಟ್ಟಿಯಾಗಿ ಹೇಳಿಬಿಟ್ಟೆ.

"ನಾನು ಮುದ್ದಮ್ಮ."

"ಚಕ್ರೇಶ್ವರಿ ಅಂದಿದ್ರಲ್ಲ?" ಎಂದರು ಪದ್ಮಾವತಮ್ಮ. ಅಪ್ಪ ಶಲ್ಯದಲ್ಲಿ ಮುಖ ಒರೆಸಿಕೊಂಡ.

ನಾಗಕುಮಾರನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. "ನಮ್ಮಂಗ್ಡೀಲಿ ಗಿರಾಕಿಗಳ್ಗೆ ಹಾಕೋ ಹಳೇ ಪ್ಲೇಟ್ಗಳೂ ಕೊನೇಲಿ ಹಿಂಗೇ ಹೆಸ್ರು ಹೇಳ್ತವೆ ಕಣವ್ವ."

"ಅದಿರ್ಲಿ. ನಿಂಗೆ ಒಪ್ಗೇನಾ?"

"ಒಪ್ಗೆ."

"ಹಂಗಾದ್ರೆ ಬೇಗ ಎಲೆ ಹಾಕ್ರಿ," ಎಂದು ಪದ್ಮಾವತಮ್ಮ ಎದ್ದೇಬಿಟ್ಟರು.

ತುಪ್ಪ ಬಡಿಸಲು ನಾನು ಬಗ್ಗಿದಾಗ ನಾಗಕುಮಾರ ಎಲೆ ನೋಡುತ್ತಲೇ ಮೆಲ್ಲಗೆ ಕೇಳಿದರು: "ಪ್ಲೇಟಿನ ಹಿಂದ್ಗಡೆ ಹಾಡೂ ಬತ್ತದಾ?"

"ಬತ್ತದೆ. ಬಿರುಕು ಅತ್ಲಾಗೂ ಐತೆ."

"ಇರ್ಲಿ ಬುಡು. ನಂಗೂ ಬೆರಳೈತೆ."

ತುಪ್ಪ ಅನ್ನ ದಾಟಿ, ಎಲೆ ದಾಟಿ, ನೆಲಕ್ಕೆ ಹರಿಯಿತು. ಯಾರೂ ನನ್ನನ್ನು ಬೈಯಲಿಲ್ಲ.