ದರ್ಜಿಯ ತಮ್ಮ

ಭಾನುವಾರ ಮಧ್ಯಾಹ್ನ ಮೂರೂವರೆಗೆ ಬೀಟ್ ಪೊಲೀಸ್ ದರ್ಜಿಯ ಅಂಗಡಿಯ ಮುಂದೆ ಹಾದುಹೋದ. ಜಾಲರಿ ಷಟರ್ ಇಳಿದಿತ್ತು. ಒಳಗೆ ಒಂದು ಬಲ್ಬು ಉರಿಯುತ್ತಿತ್ತು. ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಒಂದು ಆಕೃತಿ ತಲೆ ತಗ್ಗಿಸಿ ಕೂತಿತ್ತು. ಅವನು ನಿಲ್ಲಲಿಲ್ಲ. ನಾಲ್ಕೂವರೆಗೆ ಎರಡನೆಯ ಸುತ್ತಿನಲ್ಲಿ ಮತ್ತೆ ಹಾದುಹೋದ. ಆಗಲೂ ನಿಲ್ಲಲಿಲ್ಲ.

ನಿಲ್ಲದಿರುವುದನ್ನು ಅವನಿಗೆ ಕಲಿಸಿದ್ದು ಆ ಬೀದಿಯೇ.

ಚಳಿಗಾಲ ಶುರುವಾಗುವ ಹೊತ್ತಿಗೆ ಆ ಬೀದಿಯ ಅಂಗಡಿಗಳಲ್ಲಿ ಕಳವು ಹೆಚ್ಚಾಗಿತ್ತು. ಕಳ್ಳರು ಬರುತ್ತಿದ್ದದ್ದು ರಾತ್ರಿಯಲ್ಲ, ಭಾನುವಾರ ಮಧ್ಯಾಹ್ನ. ವಾರದ ರಜೆ, ಬೀದಿ ಖಾಲಿ. ಬೀಗ ಮುರಿದು ತಗಡಿನ ಷಟರ್ ಎತ್ತಿ ಒಳಗೆ ಹೋಗಿ, ಅದನ್ನು ಮತ್ತೆ ಕೆಳಗೆ ಎಳೆದುಕೊಂಡರೆ ಆಮೇಲೆ ಅವರದೇ ರಾಜ್ಯ. ಚಪ್ಪಲಿ ಅಂಗಡಿ ಹೋಯಿತು, ಔಷಧಿ ಅಂಗಡಿ ಹೋಯಿತು. ದರ್ಜಿಯ ಪಕ್ಕದ ವಾಚ್ ರಿಪೇರಿಯವನಿಗೆ ಎರಡು ಸಲ ಹೊಡೆತ ಬಿತ್ತು. ತನ್ನ ಮಾಲಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದನೇನೋ. ಹೋದದ್ದು ರಿಪೇರಿಗೆ ಬಂದ ಗಿರಾಕಿಗಳ ವಾಚು.

ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಮೇಡಂ ಅಂಗಡಿಯವರನ್ನೆಲ್ಲ ಕರೆದು ಕೂರಿಸಿದಾಗ ವಾಚಿನವನೇ ಮೊದಲು ಬಾಯಿ ತೆರೆದ.

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದ್ರಾ ಮೇಡಂ?"

ಇನ್ಸ್‌ಪೆಕ್ಟರ್ ಸಿಟ್ಟಾಗಲಿಲ್ಲ. ಹಿಂದಿನ ಭಾನುವಾರ ತಾವೊಬ್ಬರೇ ಆ ಬೀದಿಯ ತುದಿಯಿಂದ ತುದಿಗೆ ನಡೆದು ನೋಡಿದ್ದರು. ನಮ್ಮವರು ಜೀಪಿನಲ್ಲಿ ಹಾದುಹೋಗುತ್ತಾರೆ, ಅವರಿಗೆ ಕಾಣುವುದು ತಗಡು, ತಗಡಿನ ಹಿಂದೆ ಕಳ್ಳನಿದ್ದರೂ ಕಾಣುವುದು ತಗಡೇ, ಎಂದರು. ಹಾಗಾಗಿ ಒಳಗಡೆ ಕಾಣುವಂಥ ಜಾಲರಿ ಷಟರ್ ಹಾಕಿಸಿ, ಗಾಜಿಗೆ ಅಂಟಿಸಿದ ಜಾಹೀರಾತು ಕಿತ್ತುಹಾಕಿ, ರಜೆಯಲ್ಲೂ ಒಂದು ದೀಪ ಉರಿಯಲಿ ಎಂದರು. ರಜೆ ದಿನ ಒಳಗೆ ಕೂತು ಕೆಲಸ ಮಾಡುವವರು ಷಟರ್ ಇಳಿಸಿ ಒಳಗಿನಿಂದ ಬೀಗ ಹಾಕಿಕೊಳ್ಳಬೇಕು. ಜೀಪಿನ ಬದಲು ಒಬ್ಬ ಪೊಲೀಸ್ ನಡೆದೇ ಸುತ್ತು ಹಾಕುತ್ತಾನೆ. ಏಳುವ ಮುಂಚೆ ಇನ್ನೊಂದು ಮಾತು ಸೇರಿಸಿದರು: ಖಾಲಿ ಅಂಗಡಿ ಖಾಲಿ ಅಂತ ಕಾಣಬಾರದು.

ಈ ಕಡೆಯ ಮಾತು ದರ್ಜಿಯ ತಲೆಯಲ್ಲಿ ಕೂತುಬಿಟ್ಟಿತು. ಅವನ ಹತ್ತಿರ ಕೋಟು ತೊಡಿಸಿ ನೋಡುವ ಹಳೆಯ ಗೊಂಬೆಯೊಂದಿತ್ತು. ಭುಜದಿಂದ ಸೊಂಟದವರೆಗೆ ಮಾತ್ರ. ಅದನ್ನು ಕಂಬದಿಂದ ಬಿಚ್ಚಿ ತನ್ನ ಕುರ್ಚಿಯಲ್ಲಿ ಕೂರಿಸಿದ. ಬಟ್ಟೆ ಚೂರುಗಳನ್ನು ತುರುಕಿ ಒಂದು ತಲೆ ಮಾಡಿ ಟೋಪಿ ಹಾಕಿದ. ಕುತ್ತಿಗೆಗೆ ಹಳೆಯ ಅಳತೆ ಟೇಪು ಬಿತ್ತು. ಹೆಂಡತಿ ಮನೆಯಿಂದ ಅವನದೇ ಹಳೆ ಸ್ವೆಟರ್ ಕಳಿಸಿದಳು. ಬಟ್ಟೆಯ ತಲೆ ಎಷ್ಟು ಹೊಲಿದರೂ ನೆಟ್ಟಗೆ ನಿಲ್ಲದೆ ಮುಂದಕ್ಕೆ ಬಾಗುತ್ತಿತ್ತು. ದೂರದಿಂದ ನೋಡಿದರೆ ಯಾರೋ ಸೂಜಿಗೆ ದಾರ ಪೋಣಿಸುತ್ತಿದ್ದ ಹಾಗೆ.

ವಾಚಿನವನು ಅದಕ್ಕೆ 'ದರ್ಜಿಯ ತಮ್ಮ' ಎಂದು ಹೆಸರಿಟ್ಟ. ಸಂಬಳ ಕೇಳದೆ ದುಡಿಯುವ ತಮ್ಮ ಯಾರಿಗುಂಟು ಯಾರಿಗಿಲ್ಲ ಎಂದ. ಗಂಡನ ತಮ್ಮನಾದ ಮೇಲೆ ನನಗೆ ಮೈದುನನಾಗಬೇಕಲ್ಲ ಎಂದು ಹೆಂಡತಿ ನಕ್ಕಳು. ಅಲ್ಲಿಂದ ಮುಂದೆ ಮನೆಯಲ್ಲೂ ಅದು ಮೈದುನನೇ.

ಮೊದಲ ಭಾನುವಾರ ಮೋಸ ಹೋದದ್ದು ಬೀಟ್ ಪೊಲೀಸ್. ಒಳಗೆ ಕೂತವರನ್ನು ಕಂಡು ಷಟರ್ ಬಡಿದ. ಯಜಮಾನರೇ ಎಂದು ಕೂಗಿದ. ಮತ್ತೆ ಮತ್ತೆ ಕೂಗಿದರೂ ಒಳಗಿನವರು ತಲೆ ಎತ್ತದಿದ್ದಾಗ ಅನುಮಾನ ಬಂದು ಸೀಟಿ ಊದಿ, ಜೀಪು ಕರೆಸಿದ. ಹೆಂಡತಿ ಬೀಗದ ಕೈ ತಂದು ತೆಗೆದಾಗ ಇಬ್ಬರು ಪೊಲೀಸರು ಲಾಠಿ ಹಿಡಿದು ಒಳಗೆ ನುಗ್ಗಿ ಗೊಂಬೆಯ ಮುಂದೆ ನಿಂತರು. ಬೀದಿ ಒಂದು ವಾರ ನಕ್ಕಿತು.

"ಸ್ಟೇಷನ್ನಿಗೆ ಕರ್ಕೊಂಡು ಹೋಗಿ ವಿಚಾರಿಸ್ಬೇಕಿತ್ತು ಸಾಹೇಬ್ರೆ," ಎಂದ ವಾಚಿನವನು. "ಬಾಯಿ ಬಿಡಿಸೋದು ಮಾತ್ರ ಸ್ವಲ್ಪ ಕಷ್ಟ."

ಪೊಲೀಸ್ ನಕ್ಕ, ಆದರೆ ಕಿವಿ ಕೆಂಪಗಾಗಿತ್ತು. ಇನ್ನೂ ಹೊಸಬ, ಅವನಿಗೆ ಸಿಕ್ಕ ಮೊದಲ ಬೀಟು ಅದು. ಸೋಮವಾರ ದರ್ಜಿ ಅವನನ್ನು ಒಳಗೆ ಕರೆದು ಟೀ ತರಿಸಿದ. ಸಮವಸ್ತ್ರದ ಭುಜದ ಹೊಲಿಗೆ ಬಿಟ್ಟಿದ್ದನ್ನು ನೋಡಿ ನಿಂತಲ್ಲೇ ಹಾಕಿಕೊಟ್ಟ.

"ಬೇಜಾರು ಮಾಡ್ಕೋಬೇಡ ತಮ್ಮ. ಯಾರು ಬೇಕಾದ್ರೂ ನಕ್ಕೊಳ್ಲಿ. ನೀನು ನಿಂತು ನೋಡಿದೆಯಲ್ಲ, ನನಗೆ ಅದೇ ಧೈರ್ಯ."

ಮುಂದಿನ ಭಾನುವಾರಗಳಲ್ಲಿ ಪೊಲೀಸ್ ಹಾದುಹೋಗುವಾಗ ಗೊಂಬೆಗೆ ಒಂದು ಸಲಾಮು ಹೊಡೆಯುತ್ತಿದ್ದ. ಬರಬರುತ್ತ ಅದೂ ನಿಂತಿತು.

ಕಳವು ನಿಜಕ್ಕೂ ನಿಂತಿತ್ತು. ಇನ್ನೊಂದು ಬಡಾವಣೆಯಲ್ಲಿ ಸಿಕ್ಕಿಬಿದ್ದ ಇಬ್ಬರು, ಆ ಬೀದಿಗೆ ಹೋಗಲಿಲ್ಲ, ಅಲ್ಲಿ ಒಬ್ಬ ಮುದುಕ ಯಾವಾಗ ನೋಡಿದರೂ ಹೊಲಿಯುತ್ತಿರುತ್ತಾನೆ ಎಂದು ಬಾಯಿ ಬಿಟ್ಟಿದ್ದರು. ಇದನ್ನು ಹೇಳಲು ಇನ್ಸ್‌ಪೆಕ್ಟರ್ ತಾವೇ ಅಂಗಡಿಗೆ ಬಂದರು. ದರ್ಜಿ ಬಂದ ಗಿರಾಕಿಗಳಿಗೆಲ್ಲ ಅಳತೆ ತೆಗೆಯುವ ಮುಂಚೆ ಈ ಕಥೆ ಹೇಳುತ್ತಿದ್ದ. ಚಪ್ಪಲಿ ಅಂಗಡಿಯವನೂ ಒಂದು ಗೊಂಬೆ ಕೂರಿಸಿದ. ವಾಚಿನವನು ನಕ್ಕಿದ್ದನ್ನು ಮರೆತು ತಾನೂ ಒಂದು ಕೂರಿಸಿದ.

ಆ ಭಾನುವಾರ ದರ್ಜಿಗೆ ಒಂದು ಕೋಟು ಮುಗಿಸಬೇಕಿತ್ತು. ಗಿರಾಕಿಗೆ ಸೋಮವಾರ ಬೆಳಿಗ್ಗೆ ಕೆಲಸದ ಸಂದರ್ಶನ. ಎಡತೋಳು ಜೋಡಿಸುವುದು ಮಾತ್ರ ಬಾಕಿ, ಸಂಜೆ ಟೀಗೆ ಮನೆಯಲ್ಲಿರುತ್ತೇನೆ ಎಂದು ಊಟ ಮಾಡಿ ಹೊರಟ. ಪೊಲೀಸರು ಹೇಳಿಕೊಟ್ಟ ಹಾಗೆ ಷಟರ್ ಇಳಿಸಿ ಒಳಗಿನಿಂದ ಬೀಗ ಹಾಕಿಕೊಂಡ. ಗೊಂಬೆಯನ್ನು ಎತ್ತಿ ಟ್ರಯಲ್ ಕೋಣೆಯ ಪರದೆಯ ಹಿಂದೆ ಇಟ್ಟು ತಾನು ಕೂತ. ಇದೆಲ್ಲ ಆಮೇಲೆ ಅಂಗಡಿ ಇದ್ದ ಸ್ಥಿತಿಯಿಂದ ತಿಳಿದದ್ದು.

ಟೀ ಹೊತ್ತು ಮೀರಿದಾಗ ಹೆಂಡತಿ ಫೋನ್ ಮಾಡಿದಳು. ಎತ್ತಲಿಲ್ಲ. ಯಂತ್ರ ಓಡುತ್ತಿದ್ದರೆ ಅವನು ಎತ್ತುವವನಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿ, ಮನೆಯಲ್ಲಿದ್ದ ಇನ್ನೊಂದು ಬೀಗದ ಕೈ ತೆಗೆದುಕೊಂಡು ನಡೆದು ಬಂದಳು. ಬೀದಿಯ ತುದಿಯಲ್ಲಿ ಬೀಟ್ ಪೊಲೀಸ್ ಸಿಕ್ಕಿದ. ನಮ್ಮವರನ್ನು ನೋಡಿದೆಯಾ ಎಂದು ಕೇಳಿದಳು. ಇಲ್ಲಮ್ಮ, ಅಂಗಡಿ ಮುಚ್ಚಿದೆ ಎಂದ ಅವನು, ಆದರೂ ಜೊತೆಗೆ ಬಂದ.

ಷಟರಿನ ಮುಂದೆ ನಿಂತು ಆಕೆ ಮತ್ತೆ ಫೋನ್ ಹಚ್ಚಿದಳು. ಒಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನ ಫೋನ್ ಬೆಳಗಿ ರಿಂಗಾಯಿತು. ಕುರ್ಚಿಯಲ್ಲಿದ್ದ ಆಕೃತಿ ಅಲ್ಲಾಡಲಿಲ್ಲ.

"ಫೋನ್ ಮರೆತು ಹೋಗಿರ್ಬೇಕಮ್ಮ," ಎಂದ ಪೊಲೀಸ್. "ಒಳಗೆ ಯಾರೂ ಇಲ್ಲ. ಅದು ಗೊಂಬೆ."

ಆಕೆ ಜಾಲರಿ ಹಿಡಿದು ಬಗ್ಗಿ ಯಂತ್ರದ ಕೆಳಗೆ ನೋಡುತ್ತಿದ್ದಳು.

"ನನ್ನ ಮೈದುನನಿಗೆ ಕಾಲಿಲ್ಲಪ್ಪ," ಎಂದಳು.

ಯಂತ್ರದ ತುಳಿಹಲಗೆಯ ಮೇಲೆ ಎರಡು ಪಾದಗಳಿದ್ದವು.

ಒಳಬೀಗಕ್ಕೆ ಹೊರಗಿನಿಂದ ಕೈ ಎಟುಕಲಿಲ್ಲ. ಪೊಲೀಸ್ ಲಾಠಿಯಿಂದ ಮೀಟಿ ಜಾಲರಿ ಬಗ್ಗಿಸಿ, ಅಂಗೈ ಹರಿದುಕೊಂಡು ತೆಗೆದ. ದರ್ಜಿಯ ಹಣೆ ಯಂತ್ರದ ಮೇಲಿತ್ತು, ಉಸಿರು ಇತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ಬೇಗ ತಂದಿದ್ದರೆ ಉಳಿಯುತ್ತಿದ್ದರೇ ಎಂದು ಪೊಲೀಸೇ ಕೇಳಿದ. ಉಳಿಯುತ್ತಿದ್ದರು ಎಂದು ಡಾಕ್ಟರು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮಂಗಳವಾರ ದರ್ಜಿ ತೀರಿಕೊಂಡ. ಮಾತಾಡಲಿಲ್ಲ, ಕಣ್ಣು ಬಿಡಲಿಲ್ಲ.

ಮೂರು ದಿನ ಬಿಟ್ಟು ಪೊಲೀಸ್ ಸಮವಸ್ತ್ರವಿಲ್ಲದೆ ಮನೆಗೆ ಹೋದ. ವಾಚಿನವನು ಅಲ್ಲೇ ಬಾಗಿಲ ಬಳಿ ಕೂತಿದ್ದ; ಇವನನ್ನು ನೋಡಿ ಎದ್ದು ಜಾಗ ಬಿಟ್ಟ. ಪೊಲೀಸ್ ತಾನು ಎರಡು ಸಲ ಹಾದುಹೋದದ್ದನ್ನು, ಹೊತ್ತು ಸಮೇತ, ಹೇಳಿದ. ಆಕೆ ಬೈಯಲಿಲ್ಲ. ಒಂದೇ ಒಂದು ಕೇಳಿದಳು.

"ಮೊದಲ ಸಲ ಹೋದಾಗ ಅವರ ಕೈ ಆಡ್ತಿತ್ತಾ?"



"ನೋಡ್ಲಿಲ್ಲಮ್ಮ. ಗೊಂಬೆ ಅಂದ್ಕೊಂಡೆ."

"ನಾನೇ ನಗಿಸಿದ್ದು ಅಕ್ಕ," ಎಂದ ವಾಚಿನವನು ಬಾಗಿಲಿನಿಂದ. "ಇವನನ್ನು ನೋಡಿ ಬೀದಿಯೆಲ್ಲ ನಗೋ ಹಾಗೆ ಮಾಡಿದ್ದು ನಾನೇ."

ಆಕೆ ಪೊಲೀಸನ ಕೈಗೆ ಸುತ್ತಿದ ಬಟ್ಟೆ ಸಡಿಲವಾಗಿದ್ದನ್ನು ಕಂಡು ಬಿಚ್ಚಿ ಮತ್ತೆ ಕಟ್ಟಿದಳು.

ಗೊಂಬೆಗಳನ್ನೆಲ್ಲ ತೆಗೆಸುತ್ತೇನೆ ಎಂದು ಇನ್ಸ್‌ಪೆಕ್ಟರ್ ಹೇಳಿದಾಗ ಅಂಗಡಿಯವರಲ್ಲಿ ಅರ್ಧಕ್ಕರ್ಧ ಜನ ಒಪ್ಪಲಿಲ್ಲ. ಕಳವು ನಿಂತಿದ್ದು ಸುಳ್ಳಲ್ಲ ಎಂದರು. ಹಾಗಾಗಿ ಗೊಂಬೆಗಳು ಉಳಿದವು, ವಾಚಿನವನದೊಂದು ಬಿಟ್ಟು. ಸುತ್ತಿನ ನಿಯಮ ಮಾತ್ರ ಬದಲಾಯಿತು: ಗೊಂಬೆಯಿರಲಿ ಇಲ್ಲದಿರಲಿ, ಪ್ರತಿ ಷಟರ್ ಬಡಿದು ಕೂಗಬೇಕು, ಸ್ವಲ್ಪ ಹೊತ್ತು ನಿಂತು ಒಳಗೆ ನೋಡಬೇಕು.

ಕೋಟಿನ ಎಡತೋಳನ್ನು ಹೆಂಡತಿಯೇ ಜೋಡಿಸಿದಳು. ಗೊಂಬೆಯ ಬಟ್ಟೆ ತಲೆ ಬಿಚ್ಚಿ, ಅದನ್ನು ಮತ್ತೆ ಕಂಬಕ್ಕೆ ಸಿಕ್ಕಿಸಿ, ಕೋಟು ತೊಡಿಸಿ ಭುಜ ಸರಿಯಾಗಿದೆಯೇ ಎಂದು ನೋಡಿದಳು. ಸಂದರ್ಶನ ಮುಗಿದುಹೋಗಿತ್ತು, ಆದರೂ ಗಿರಾಕಿ ಬಂದು ಕೋಟು ತೆಗೆದುಕೊಂಡು ಹೋದ.

ಬೇಸಿಗೆಗೆ ಮುಂಚೆ ಆ ಅಂಗಡಿಯನ್ನು ಒಬ್ಬ ಮೊಬೈಲ್ ರಿಪೇರಿಯವನು ಬಾಡಿಗೆಗೆ ಹಿಡಿದ. ಅವನು ಬಂದ ಮೊದಲ ಭಾನುವಾರವೇ ಷಟರ್ ಬಡಿದ ಸದ್ದಾಯಿತು. ಇದ್ದೇನೆ ಎಂದು ಅವನು ಒಳಗಿನಿಂದ ಕೂಗಿದ. ಪೊಲೀಸ್ ಬಗ್ಗಿ ಅವನ ಕಾಲು ನೋಡಿ ಮುಂದಿನ ಅಂಗಡಿಗೆ ಹೋದ.