ಕರ್ನಲ್ ಗೋರಿಗೆ ಹಾಕಿದ ಮಣ್ಣು

"ಏನ್ರೇ ದರಿದ್ರ ಮುಂಡೇವಾ, ಒಂದು ಪುಟ್ಟಿ ಮಣ್ಣು ತುಂಬೋಕೆ ಇಷ್ಟು ಹೊತ್ತಾ? ನಾಳೆ ದೊಡ್ಡವರು ಹೂ ಇಡೋಕೆ ಬರ್ತಾರೆ. ಅಷ್ಟರೊಳಗೆ ಕರ್ನಲ್ ಸಾಹೇಬರ ಗೋರಿ ಸಮ ಆಗಿರ್ಬೇಕು."

ಬೆಳಗಾಗೆದ್ದು ಹೀಗೆ ಬಾಯಿ ತೊಳೆದುಕೊಂಡವನು ಇಂಜಿನಿಯರ್. ತಲೆಯ ಮೇಲೆ ಸದಾ ಹಳದಿ ಹೆಲ್ಮೆಟ್ಟು. ಮರದ ನೆರಳಲ್ಲಿ ಊಟಕ್ಕೆ ಕೂತರೂ ತೆಗೆಯುತ್ತಿರಲಿಲ್ಲ. ಹೆಂಗಸರು ಅವನಿಗೆ ಹಳದಿ ಟೋಪಿ ಅಂತಲೇ ಹೆಸರಿಟ್ಟಿದ್ದರು. ಸೈನ್ಯ ಬಿಟ್ಟುಹೋದ ಕ್ಯಾಂಪಿನ ಬ್ಯಾರಕ್ಕುಗಳನ್ನೆಲ್ಲ ಕೆಡವಿ ಮನೆ, ಅಂಗಡಿ, ಪಾರ್ಕು ಕಟ್ಟುತ್ತಿದ್ದರು. ಸೈನಿಕರ ಸ್ಮಶಾನ ಒಂದನ್ನು ಮಾತ್ರ ಮುಟ್ಟಕೂಡದು, ಚೆನ್ನಾಗಿ ಕಾಪಾಡಬೇಕು ಅಂತ ಸರ್ಕಾರದ ಆರ್ಡರು. ಬೇಲಿಯೊಳಗಿನ ಅಮೃತಶಿಲೆಗಳನ್ನೆಲ್ಲ ತಿಕ್ಕಿ ತೊಳೆದಾಗಿತ್ತು. ಕುಸಿದು ಹೊಂಡವಾದ ಗೋರಿಗಳಿಗೆ ಮಣ್ಣು ತುಂಬುವುದು ಬಾಕಿ. ಮಣ್ಣು ಬೇಲಿಯಾಚೆಯಿಂದ ತರಬೇಕು. ಅಲ್ಲಿ ಹೇಗೂ ಕಾರು ನಿಲ್ಲಿಸುವ ಜಾಗ ಬರುತ್ತದೆ.

ಬೇಲಿಯಾಚೆ ಮಲಗಿದ್ದವರು ಕ್ಯಾಂಪಿನ ಬಟ್ಟೆ ಒಗೆದವರು, ಅಡುಗೆ ಬೇಯಿಸಿದವರು, ಕಕ್ಕಸು ಬಳಿದವರು. ಅವರಿಗೆ ಕಲ್ಲು ನೆಡುವ ಅಪ್ಪಣೆ ಇರಲಿಲ್ಲ. ಅದಕ್ಕೆ ಮನೆಯವರು, ಸತ್ತವರು ಹಿಡಿದು ಸವೆಸಿದ ಸಾಮಾನನ್ನೇ ಅವರ ತಲೆಯ ಹತ್ತಿರ ಅರ್ಧ ಹೂತು ಬರುತ್ತಿದ್ದರು. ಒಬ್ಬನಿಗೆ ಸೌಟು, ಒಬ್ಬನಿಗೆ ಇಸ್ತ್ರಿಪೆಟ್ಟಿಗೆ. ಒಳಗಿನ ಸಾಹೇಬರಿಗೆಲ್ಲ ಗುಂಡಿ ತೋಡಿದವನಿಗೆ ಅವನ ಹಾರೆ. ಅವನ ಮಗಳೇ ಈಗ ಪುಟ್ಟಿ ಹಿಡಿದು ನಿಂತವಳು. ಉದ್ದಕ್ಕೆ, ಸಣಕಲಾಗಿ, ಬಗ್ಗದೆ ಇದ್ದುದರಿಂದ ಜೊತೆಯವರು ಅವಳನ್ನು ಹಾರೆಯಕ್ಕ ಅನ್ನುತ್ತಿದ್ದರು.

"ಸಾಹೇಬ್ರೆ, ಅಲ್ಲಿ ನಮ್ಮಪ್ಪ ಇದಾನೆ," ಅಂದಳು.

"ಎಲ್ಲಿ? ಕಲ್ಲೆಲ್ಲಿ, ಹೆಸರೆಲ್ಲಿ? ನನ್ನ ಕಣ್ಣಿಗೆ ಬರೀ ಗುಜರಿ ಕಾಣ್ತಿದೆ."

"ಆ ಹಾರೆ ಇದೆಯಲ್ಲ, ಅದರ ಕೆಳಗೆ."

"ಹಂಗಾದ್ರೆ ನಿಮ್ಮಪ್ಪನ್ನ ಕಿಲೋ ಲೆಕ್ಕದಲ್ಲಿ ಮಾರ್ಕೋ."

ಹೇಳಿ ಪಕ್ಕದಲ್ಲಿದ್ದ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ನಕ್ಕ, ಧಣಿ ಜೋಕು ಹೊಡೆದರೆ ನಗುವುದೂ ಕೂಲಿಯ ಕೆಲಸವೇ ತಾನೆ.

"ಕೇಳಿಲ್ಲಿ. ಬೇಲಿ ಒಳಗಿಂದು ಒಂದು ಕಡ್ಡೀನೂ ಕೀಳ್ಬಾರ್ದು. ತುಂಬಿದ ಮೇಲೆ ಯಾವನೂ ಅಗೆಯೋ ಹಾಗಿಲ್ಲ, ಅಗೆದ್ರೆ ಜೈಲು. ಆಚೇದನ್ನೆಲ್ಲ ಒಳಗೆ ಹಾಕು."

"ಎಲ್ಲಾನೂ ಹಾಕ್ಬೇಕಾ?"

"ಎಲ್ಲಾನೂ. ತಲೆ ತಿನ್ಬೇಡ, ಹೋಗು."

ಹಾರೆಯಕ್ಕ ಬೇಲಿಯ ಕಡೆ ತಿರುಗಿದಳು. ಕರ್ನಲ್ ಬದುಕಿರುವಷ್ಟು ಕಾಲ ಅಪ್ಪನನ್ನು ಬಂಗಲೆಯ ಮೆಟ್ಟಿಲು ಹತ್ತಗೊಟ್ಟವನಲ್ಲ. ಈಗ ಅಪ್ಪನ ಮೇಲಿನ ಮಣ್ಣು ತೆಗೆದು ಅವನಿಗೇ ಹೊದಿಸಬೇಕು. ಪುಟ್ಟಿ ಎಸೆದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಹೋದರೆ ಜೆಸಿಬಿ ಬರುತ್ತದೆ. ಅದಕ್ಕೆ ಅಪ್ಪನೂ ಒಂದೇ, ಕಲ್ಲುಮಣ್ಣೂ ಒಂದೇ.

ಬೇಲಿಯಾಚೆ ಚಿಕ್ಕಮ್ಮ, ಬಟ್ಟೆ ಒಗೆದವನ ಹೆಂಡತಿ, ಇಸ್ತ್ರಿಪೆಟ್ಟಿಗೆಯ ಪಕ್ಕ ಕೂತು ಗಂಡನಿಗೆ ಹೇಳುತ್ತಿದ್ದಳು: "ಏಳಿ ಮಹಾರಾಯ್ರೆ, ಸುಖವಾಗಿ ಮಲಗಿದ್ದು ಸಾಕಂತೆ. ಇಲ್ಲೂ ಜಾಗ ಖಾಲಿ ಮಾಡ್ಬೇಕಂತೆ."

"ಚಿಕ್ಕಮ್ಮ, ಹಳದಿ ಟೋಪಿ ಎಲ್ಲಾನೂ ಒಳಗೆ ಹಾಕಿ ಅಂದ."

"ಅಂತಾನೆ ಹಾಳಾದೋನು. ಅವನ ಅಪ್ಪಂದೇನು ಗಂಟು ಹೋಗತ್ತೆ?"

"ಹಾಕೋಣ. ಎಲ್ಲಾರನ್ನೂ ಹಾಕೋಣ."

ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿಯಿಂದ ಬಂದೇ ಬಂತು.

ಹೆಂಗಸರು ಗುದ್ದಲಿ ಬದಿಗಿಟ್ಟು ಕೈಯಲ್ಲೇ ಮಣ್ಣು ಬಿಡಿಸಿದರು. ಅಪ್ಪ ಸಿಕ್ಕಾಗ ಹಾರೆಯಕ್ಕ ಅತ್ತಳು. ತನ್ನ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಒಂದೊಂದೇ ಮೂಳೆ ಒರೆಸಿ ಗಂಟು ಕಟ್ಟಿ, ಪುಟ್ಟಿಯಲ್ಲಿಟ್ಟು, ಮೇಲೆ ಮಣ್ಣು ಹಾಕಿಕೊಂಡು ಹಳದಿ ಟೋಪಿಯ ಎದುರಿಗೇ ಹೊತ್ತು ನಡೆದಳು.

"ಹಾಂ, ಹಂಗೆ. ಬೈದ್ರೇನೇ ನೀವು ದಾರಿಗೆ ಬರೋದು," ಅಂದ ಅವನು.

"ಎಲ್ಲಾ ನಿಮ್ಮ ದಯ ಸಾಹೇಬ್ರೆ," ಅಂದಳು.

ಕರ್ನಲ್ ಗೋರಿಯ ಹೊಂಡದಲ್ಲಿ ಗಂಟನ್ನು ಮೆಲ್ಲಗೆ ಇಳಿಸಿದಳು. "ಕರ್ನಲ್ ಸಾಹೇಬ್ರೆ, ಒಂಚೂರು ಸರ್ಕೊಳ್ಳಿ. ಮೆಟ್ಟಿಲು ಹತ್ತಿಸ್ಲಿಲ್ಲ ನೀವು, ಅದಕ್ಕೆ ಸೀದಾ ಹಾಸಿಗೆಗೇ ಕರ್ಕೊಂಡು ಬಂದೆ. ಅಪ್ಪಾ, ಸಂಕೋಚ ಪಡ್ಬೇಡ. ಕಾಲು ಚಾಚ್ಕೊಂಡು ಮಲಗು. ಈ ಗುಂಡಿ ನೀನೇ ತೋಡಿದ್ದಲ್ವಾ." ಮಣ್ಣು ಮುಚ್ಚಿ ತಟ್ಟಿದಳು. ಅಮೃತಶಿಲೆಯ ಹಿಂದೆ ಹಾರೆ ನೆಟ್ಟಳು. ಸಂಜೆಯ ಹೊತ್ತಿಗೆ ಚಿಕ್ಕಮ್ಮನ ಇಸ್ತ್ರಿಪೆಟ್ಟಿಗೆ ಪಕ್ಕದ ಮೇಜರ್ ಸಾಹೇಬರ ಕಲ್ಲಿನ ಹಿಂದೆ ಇತ್ತು. ಸೌಟಿಗೂ ಒಬ್ಬ ಕ್ಯಾಪ್ಟನ್ ಸಿಕ್ಕಿದ್ದ.

ಮರುದಿನ ದೊಡ್ಡವರು ಬಂದರು. ಕಹಳೆ ಊದಿದರು. ಕರ್ನಲ್ ಗೋರಿಗೆ ಹೂವಿನ ಚಕ್ರ ಇಟ್ಟು ದೊಡ್ಡವರು ತಲೆ ಬಾಗಿಸಿದರು. ಹಳದಿ ಟೋಪಿಯೂ ಟೋಪಿ ತೆಗೆದ. ಒಳಗೆ ಕೂದಲೇ ಇರಲಿಲ್ಲ. ಚಿಕ್ಕಮ್ಮ ಹಾರೆಯಕ್ಕನನ್ನು ಮೊಣಕೈಯಲ್ಲಿ ತಿವಿದಳು.

ತಲೆ ಎತ್ತಿದಾಗ ಅವನಿಗೆ ಹಾರೆ ಕಂಡಿತು. ಹಿಂದೆ ಸರಿಯುತ್ತಾ ಹಾರೆಯಕ್ಕನ ಹತ್ತಿರ ಬಂದು ಹಲ್ಲು ಕಡಿದ. "ಆ ಗುಜರಿ ಯಾಕೇ ಅಲ್ಲಿದೆ? ಕಿತ್ತು ಬಿಸಾಕು."

"ಆಗಲ್ಲ ಸಾಹೇಬ್ರೆ. ಕೆಳಗೆ ನಮ್ಮಪ್ಪ ಇದಾನೆ."

ಅವನ ಮುಖದ ಬಣ್ಣ ಇಳಿಯಿತು. "ಯಾರನ್ನ ಕೇಳಿ ಹಾಕ್ದೆ?"

"ನಿಮ್ಮನ್ನೇ ಕೇಳಿದ್ನಲ್ಲ. ಎಲ್ಲಾನೂ ಅಂದ್ರಿ. ಬೇಕಾದ್ರೆ ಈಗಲೇ ದೊಡ್ಡವರಿಗೆ ಹೇಳಿ ಅಗೆಸಿ. ಜೈಲಿಗೆ ಯಾರು ಹೋಗ್ಬೇಕು ಅಂತ ಆಮೇಲೆ ನೋಡೋಣ."

ಅಲ್ಲಿ ದೊಡ್ಡವರು ಇನ್ನೊಂದು ಹೂವಿನ ಚಕ್ರ ಕೈಗೆತ್ತಿಕೊಂಡು ಮೇಜರ್ ಗೋರಿಯ ಕಡೆ ಹೊರಟರು. ಹಳದಿ ಟೋಪಿ ಹೆಲ್ಮೆಟ್ಟನ್ನು ತಲೆಗೇರಿಸಹೋದ.

"ಈಗಲೇ ಹಾಕ್ಕೋಬೇಡಿ ಸಾಹೇಬ್ರೆ," ಅಂದಳು ಹಾರೆಯಕ್ಕ. "ನಮ್ಮ ಚಿಕ್ಕಪ್ಪಂಗೆ ಇನ್ನೂ ಹೂ ಇಟ್ಟಿಲ್ಲ."