ಮೊರಿಸ್ ದಿಲ್ಲಿಯಲ್ಲಿ ಮಾಡಿದ ಕೆಲಸ

ಇಗರ್ಜಿಯ ಗಂಟೆ ಬಡಿಯತೊಡಗಿದಾಗಲೂ ರೆಶ್ಮಾ ಚೀಟಿಯ ಎರಡನೆಯ ಸಾಲಿನಲ್ಲೇ ಸಿಕ್ಕಿಕೊಂಡಿದ್ದಳು. ಅಪ್ಪನ ಶವಸಂಸ್ಕಾರದ ಬಲಿಪೂಜೆಯ ಕೊನೆಗೆ ಫಾದರ್ ಓದಿ ಹೇಳುವ ಅವರ ಬದುಕು ಅದು. ಹುಟ್ಟಿದ ದಿನವನ್ನೇನೋ ಬರೆದಾಗಿತ್ತು. ಮೂವತ್ತೊಂದು ವರ್ಷ ದಿಲ್ಲಿಯಲ್ಲಿ ಅವರು ಏನು ಮಾಡುತ್ತಿದ್ದರೆಂದು ಮಗಳಿಗೇ ಸರಿಯಾಗಿ ಗೊತ್ತಿರಲಿಲ್ಲ.

"ಸೆಂಟ್ರಲ್ ಗವರ್ನಮೆಂಟ್ ಅಂತ ಬರಿ," ಅಂದರು ತಾಯಿ ವೆರೊನಿಕಾ. ಮದುವೆಯ ದಲ್ಲಾಳಿ ಹಾಗೆ ಹೇಳಿದ್ದ, ಊರೂ ನಂಬಿತ್ತು.

"ಗೂಢಚಾರ ಅಂತೆ ಮಾರಾಯ," ಎಂದು ಚಿಕ್ಕಪ್ಪ ಲ್ಯಾರಿ ಪಕ್ಕದವರ ಕಿವಿಯಲ್ಲಿ ಊದಿದರು. "ಇಲ್ಲದಿದ್ದರೆ ಅಷ್ಟು ಬಾಯಿ ಬಿಗಿ ಎಂತಕ್ಕೆ?" ಲ್ಯಾರಿಯ ಬಾಯಿಗೆ ಬಿದ್ದರೆ ಪೋಸ್ಟ್‌ಮ್ಯಾನ್ ಕೂಡ ಗೂಢಚಾರನೇ.

*

ರಜೆಯಲ್ಲಿ ಊರಿಗೆ ಬಂದಾಗಲೂ ಅಪ್ಪ ಮೊರಿಸ್ ಕನ್ನಡ, ಮಲಯಾಳ ಪತ್ರಿಕೆಗಳ ನಿಧನವಾರ್ತೆಯ ಪುಟವನ್ನೇ ಮೊದಲು ತೆರೆಯುತ್ತಿದ್ದರು.

"ಸತ್ತವರಲ್ಲಿ ನಿಮಗೆ ಎಂತ ಉಂಟು ಅಪ್ಪಾ?" ಎಂದು ಹತ್ತು ವರ್ಷದ ರೆಶ್ಮಾ ಕೇಳಿದ್ದಳು.

"ಗಲ್ಫ್ ಅಂತ ಇದ್ದರೆ ಬರೆದುಕೊಳ್ಳುವುದು, ಅಷ್ಟೇ."

ಅವಳಿಗೆ ಯಾಕೋ ಹೆದರಿಕೆಯಾಗಿತ್ತು. ಮತ್ತೆಂದೂ ಕೇಳಲಿಲ್ಲ.

*

ಗಂಟೆ ನಿಲ್ಲುವಷ್ಟರಲ್ಲಿ ಮಧೂರಿನ ಕೇಶವಪ್ರಸಾದರು ಬಂದರು. ದಿಲ್ಲಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡಿದವರು. ರೆಶ್ಮಾ ಅವರನ್ನು ಇಗರ್ಜಿಯ ಬಾಗಿಲಲ್ಲೇ ತಡೆದು ಕೇಳಿದಳು.

"ಗವರ್ನಮೆಂಟಾ? ಅಲ್ಲವೇ ಅಲ್ಲ," ಎಂದರು ಅವರು. "ಸ್ವತಂತ್ರ ಸಂಸ್ಥೆ. ವಿದೇಶದ ವಿಷಯ ಅಧ್ಯಯನ ಮಾಡಿ, ಯಾರ ಮುಲಾಜೂ ಇಲ್ಲದೆ ವರದಿ ಬರೆಯುವುದು. ಮಂತ್ರಿಗಳು ಓದುತ್ತಿದ್ದರು, ಸಿಟ್ಟಾಗುತ್ತಲೂ ಇದ್ದರು. ಗಲ್ಫಿನಲ್ಲಿ ತೀರಿಹೋದ ಕೆಲಸಗಾರರ ಹೆಸರು ಯಾವ ಪಟ್ಟಿಯಲ್ಲೂ ಪೂರ್ತಿ ಇರಲಿಲ್ಲ. ಊರಿನ ಪೇಪರಿನಲ್ಲಿ ಉಂಟಲ್ಲ ಅಂದವರು ನಿಮ್ಮ ಅಪ್ಪ. ಒಂದೊಂದು ಮನೆಗೂ ಕಾಗದ ಬರೆದು ವಿಚಾರಿಸುತ್ತಿದ್ದರು."

"ನಮಗೆ ಹೇಳಲೇ ಇಲ್ಲ."

"'ನಾನು ಬರೀ ಗುಮಾಸ್ತ, ವರದಿ ಬರೆದವರು ಬೇರೆ' ಅನ್ನುತ್ತಿದ್ದರು ನಿಮ್ಮ ಅಪ್ಪ."

ವೆರೊನಿಕಾ ಮಗಳ ಕೈ ಹಿಡಿದುಕೊಂಡರು. "ನಲವತ್ತು ವರ್ಷ ಊರಿಗೆಲ್ಲ ಗವರ್ನಮೆಂಟ್ ಅಂತ ಹೇಳಿದ್ದೇನೆ. ಇವತ್ತೇ ನನ್ನನ್ನು ಸುಳ್ಳಿ ಮಾಡಬೇಡ."

ರೆಶ್ಮಾಳಿಗೆ ಅಮ್ಮನ ಮೇಲೆ ಕನಿಕರ, ಅಪ್ಪನ ಮೇಲೆ ಸಿಟ್ಟು, ಎರಡೂ ಒಟ್ಟಿಗೇ ಬಂದವು. ಆದರೂ ಅಮ್ಮ ಹೇಳಿದಂತೆ ಬರೆದಿದ್ದ ಸಾಲನ್ನು ಹೊಡೆದುಹಾಕಿ ಬೇರೆ ಬರೆದಳು.

ಬಲಿಪೂಜೆ ಮುಗಿಯಿತು. ಫಾದರ್ ಚೀಟಿ ಬಿಡಿಸಿದರು. "ದಿಲ್ಲಿಯ ಒಂದು ಸ್ವತಂತ್ರ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದು, ಗಲ್ಫಿನಲ್ಲಿ ತೀರಿಹೋದ ನಮ್ಮ ಊರಿನವರ ಹೆಸರುಗಳನ್ನು ಹುಡುಕಿ ಬರೆದಿಟ್ಟವರು..."

ಲ್ಯಾರಿ ತಲೆಯೆತ್ತಿ ನೋಡಿದರು. ವೆರೊನಿಕಾ ತಲೆ ತಗ್ಗಿಸಿಕೊಂಡರು.

ಹಿಂದಿನ ಬೆಂಚಿನಿಂದ ಕಪ್ಪು ಬುರ್ಖಾದ ಮುದುಕಿಯೊಬ್ಬರು ಎದ್ದು ಮೆಲ್ಲಗೆ ಮುಂದೆ ಬಂದರು. ಯಾರಿಗೂ ಅವರ ಪರಿಚಯವಿರಲಿಲ್ಲ.

"ನನ್ನ ಮಗ ಹೇಗೆ ಸತ್ತ ಅಂತ ಕಾಗದ ಬರೆದು ಕೇಳಿದವರು ಇವರೊಬ್ಬರೇ," ಎಂದರು ವೆರೊನಿಕಾರ ಹತ್ತಿರ ಬಗ್ಗಿ.

ವೆರೊನಿಕಾ ಆ ಮುದುಕಿಯ ಮುಖವನ್ನೇ ನೋಡಿದರು. ಆಮೇಲೆ, ಮನೆಯವರಿಗೆಂದು ಬಿಟ್ಟಿದ್ದ ಆ ಮೊದಲ ಬೆಂಚಿನಲ್ಲಿ, ಸ್ವಲ್ಪ ಸರಿದು ಜಾಗ ಮಾಡಿದರು.